ಇಂಜಿನ್ ಪಾಲು

ನಮ್ಮ ಕಾಸರಕೋಡು ಟೊಂಕದಲ್ಲಿ ಮೀನು ಹಂಚುವ ಕ್ರಮ ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೆ. ದೋಣಿಗೊಂದು ಪಾಲು, ಬಲೆಗೊಂದು, ಇಂಜಿನ್ನಿಗೊಂದು, ಉಳಿದದ್ದು ದುಡಿದವರಿಗೆ. ದೋಣಿ, ಬಲೆ ನನ್ನ ಮೈದುನ ಲಿಂಗಪ್ಪನದು. ಇಂಜಿನ್ ನನ್ನದು, ಈ ಗಂಗಿಯದು. ಗಂಡ ಮಲ್ಪೆಯ ದೊಡ್ಡ ಬೋಟಿಗೆ ಹೋಗುವವ, ಮನೆಗೆ ಬಂದರೆ ನೆಂಟ. ನಾನೇ ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡು ಒಣಮೀನು ಮಾರಿ ತಂದ ಇಂಜಿನ್ ಅದು. ಅದು ಬರುವ ಮೊದಲು ನಾನು ದಂಡೆಯಲ್ಲಿ ಬುಟ್ಟಿ ಹಿಡಿದು ಕಾಯುವವಳು. ಬಂದ ಮೇಲೆ ಪಾಲಿನವಳು.

ಆದರೂ ಪಾಲು ಕೂಗುವಾಗ ಲಿಂಗಪ್ಪನ ಬಾಯಲ್ಲಿ "ದೋಣಿ ಪಾಲು, ಬಲೆ ಪಾಲು, ಇಂಜಿನ್ ಪಾಲು" ಅಂತಲೇ ಬರುತ್ತಿತ್ತು. ಮೀನು ನನ್ನ ಬುಟ್ಟಿಗೆ ಬಿದ್ದರೂ ಹೆಸರು ಮಾತ್ರ ಇಂಜಿನ್ನಿನದು. "ಯಾಕಾ, ಇಂಜಿನ್ ಬಂದು ಸಾರು ಮಾಡ್ತದೆಯಾ?" ಅಂತ ಕೇಳುತ್ತಿದ್ದೆ. ಅವ ಹಲ್ಲು ಕಿರಿದು ಮುಂದಿನ ಪಾಲು ಎಣಿಸುತ್ತಿದ್ದ.

ಈ ಸಲ ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಪೂಜೆ ಮಾಡಿದೆವು. ಲಿಂಗಪ್ಪನಿಗೆ ಭಕ್ತಿ ಬಂದರೆ ಅಳತೆ ಇಲ್ಲ. ಬಾಳೆನಾರಿನಲ್ಲಿ ಕಟ್ಟಿದ ಅಬ್ಬಲಿಗೆ ಮಾಲೆ ಮಾರುಗಟ್ಟಲೆ ತಂದು ದೋಣಿಯ ಮೂತಿಗೆ ಸುತ್ತಿದ, ಇಂಜಿನ್ನಿನ ತಲೆಗೆ ಸುತ್ತಿದ. ಸಾಲದ್ದಕ್ಕೆ ನೀರಿಗಿಳಿಯುವ ಅದರ ಕಾಲಿಗೂ, ದೋಣಿ ನೂಕುವ ಫ್ಯಾನಿನ ಮೇಲ್ಗಡೆ, ಎರಡು ಸುತ್ತು.

"ಹೊರಡೂಕೆ ಮೊದ್ಲು ಅದನ್ನ ತೆಗಿಯಾ" ಅಂದೆ.

"ಪೂಜೆ ಹೂವು ಮನುಷ್ಯರು ತೆಗೀಬಾರ್ದು ಅತ್ಗೆ, ಸಮುದ್ರವೇ ತಕಂತದೆ" ಅಂದ. ದೇವರ ವಿಷಯ, ನಾನೆಂತ ಹೇಳೂದು? ಬಾಯಿ ಮುಚ್ಚಿಕೊಂಡೆ. ನಾನು ಬಾಯಿ ಮುಚ್ಚಿದಾಗಲೆಲ್ಲ ಹಾಳಾದದ್ದೇ ಹೆಚ್ಚು.

ಎರಡು ದಿನ ಬಿಟ್ಟು ಇಂಜಿನ್ ನಡುಸಮುದ್ರದಲ್ಲಿ ಕುಂಯ್ ಅಂತ ಕೂಗಿ, ಹೊಗೆ ಉಗುಳಿ ನಿಂತಿತು. ಹುಡುಗರು ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದು ದಡಕ್ಕೆ ಬಂದರು. ಸುದ್ದಿ ಹೋದದ್ದೇ ತಡ, ಮೀನು ಸಾವಕಾರ ಕೃಷ್ಣಾನಂದ ಬಿಳಿ ಪಂಚೆ ಎತ್ತಿಕೊಂಡು ಅಂಗಳಕ್ಕೆ ಬಂದ. ಅವ ಆಗಷ್ಟೇ ನಲವತ್ತು ಹಾರ್ಸ್‌ಪವರಿನ ಎರಡು ಹೊಸ ಇಂಜಿನ್ ತರಿಸಿದ್ದ. ಒಂದನ್ನು ಪಕ್ಕದ ವೆಂಕಟನ ದೋಣಿಗೆ ಕೊಟ್ಟಾಗಿತ್ತು.

"ಇನ್ನೊಂದು ನಿಂಗೆ, ಲಿಂಗಪ್ಪ. ಒಂದು ಪೈಸೆ ಕೊಡೂದು ಬೇಡ. ಇಂಜಿನ್ ಪಾಲು ನಂದು. ಮೀನು ನನ್ನ ತಕ್ಕಡಿಗೆ, ನಾ ಹೇಳಿದ ದರಕ್ಕೆ" ಅಂದ.

ಅಂದರೆ ಗಂಗಿ ಮತ್ತೆ ಬುಟ್ಟಿ ಹಿಡಿದು ದಂಡೆಗೆ. ಲಿಂಗಪ್ಪ ನನ್ನ ಮುಖ ನೋಡಲಿಲ್ಲ, ನೆಲ ನೋಡಿದ. "ಬಂಗಡೆ ಬಂದದೆ ಅತ್ಗೆ. ಎರಡು ದಿನದೊಳಗೆ ಇಂಜಿನ್ ಸರಿ ಆದ್ರೆ ಆತು, ಇಲ್ದಿದ್ರೆ ನಂಗೆ ಬೇರೆ ದಾರಿ ಇಲ್ಲ" ಅಂದ.

ಬೆಳಿಗ್ಗೆ ಇಂಜಿನ್ನನ್ನು ನನ್ನ ಹಳೆ ಸೀರೆಯಲ್ಲಿ ಸುತ್ತಿ, ರಿಕ್ಷಾಕ್ಕೆ ಹೇರಿಕೊಂಡು ಕುಮಟೆಯ ಶೋರೂಮಿಗೆ ಹೋದೆ. ತಣ್ಣಗಿನ ಕೋಣೆ, ಕನ್ನಡಿಯಂಥ ನೆಲ. ಅಲ್ಲಿದ್ದವ ಇಂಜಿನ್ನಿನ ತಲೆಗೆ ಒಂದು ಬೆರಳು ತಾಗಿಸಿದ. "ಹೆಡ್ ಸುಟ್ಟಿದೆ. ಪೂರ್ತಿ ಸೆಟ್ ಬದಲಿಸಬೇಕು. ಒಂದು ಲಕ್ಷದ ಎಂಬತ್ತು ಸಾವಿರ."

"ಬಿಚ್ಚಿ ನೋಡಿ ಹೇಳು ಮಾರಾಯ."

"ನಮ್ಮಲ್ಲಿ ಬಿಚ್ಚುವ ಪದ್ಧತಿ ಇಲ್ಲಮ್ಮ, ಸೆಟ್ಟೇ ಹಾಕುವುದು."

ಗಾಜಿನ ಕಪಾಟಿನಲ್ಲಿ ಒಂದು ಕಿರುಬೆರಳಷ್ಟು ಬೋಲ್ಟು ಇತ್ತು. ಅದಕ್ಕೆಷ್ಟು ಅಂತ ಕೇಳಿದೆ. ನಾನೂರಂತೆ! ಸ್ಟೀಲಿನ ಫ್ಯಾನಿಗೆ ಮೂವತ್ತೈದು ಸಾವಿರವಂತೆ! "ಇದನ್ನ ದೋಣಿಗೆ ಹಾಕೂದಾ, ಕೊರಳಿಗೆ ಹಾಕೂದಾ?" ಅಂದೆ. ಅವನಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ. ರೋಗಿಯ ನಾಡಿ ಹಿಡಿಯದೆ ತಲೆ ಕತ್ತರಿಸಿ ಬೇರೆ ತಲೆ ಇಡುತ್ತೇನೆ ಅನ್ನುವ ವೈದ್ಯ ನನಗೆ ಬೇಡ. ಇಂಜಿನ್ ಎತ್ತಿಸಿಕೊಂಡು ಹೊರಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು, ಸುಳ್ಳು ಹೇಳೂದೆಂತಕ್ಕೆ, ಒಂದು ಗಳಿಗೆ ಅತ್ತೆ.

ಅಳು ಮುಗಿದ ಮೇಲೆ ಭಟ್ಕಳದ ಜುಬೇರ್ ನೆನಪಾದ. ದುಬೈಯಲ್ಲಿ ಅರಬ್ ಶೇಖ್‌ಗಳ ಸ್ಪೀಡ್ ಬೋಟುಗಳ ಇಂಜಿನ್ ಬಿಚ್ಚಿ ಜೋಡಿಸಿ ಬಂದವ, ಈಗ ಬಂದರಿನ ಹತ್ತಿರ ಶೆಡ್ ಹಾಕಿದ್ದಾನೆ. ನಾನು ಒಣಸೀಗಡಿ ಮಾರಲು ಹೋದಾಗಲೆಲ್ಲ ಅವನ ತಾಯಿ ಕರೆದು ಚಾ ಕೊಡುವವಳು. ಭಟ್ಕಳದ ಬಸ್ಸು ಹತ್ತಿದರೆ ಕಂಡಕ್ಟರ್ ಕೂಗಾಡಿದ, "ಅದೆಂತ ಸೀರೆ ಉಡಿಸಿ ನಿಲ್ಲಿಸಿದ್ದು? ಇಳಿಸಿ, ಇಳಿಸಿ!"

"ಸೀರೆ ಉಟ್ಟಿದ್ದು ಕಾಣ್ತದಲ್ಲ? ಹೆಂಗಸು. ಟಿಕೆಟ್ ಹರೀಬೇಡ, ಪುಕ್ಕಟೆ" ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ಹಳದೀಪುರದಲ್ಲಿ ಅವ ಮತ್ತೆ ತಕರಾರು ತೆಗೆದಾಗ ತೆಂಗಿನಕಾಯಿ ಚೀಲದ ಮುದುಕಿಯೊಬ್ಬಳು, "ಪಾಪ, ಹುಷಾರಿಲ್ದೋಳನ್ನ ಎಲ್ಲಿ ಇಳಿಸ್ತ್ಯೋ?" ಅಂತ ಅವನನ್ನೇ ಗದರಿದಳು. ಕೊನೆಗೆ ಲಗೇಜ್ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ಜುಬೇರ್ ಬೆರಳು ತಾಗಿಸಿ ನೋಡಲಿಲ್ಲ, ಸ್ಪ್ಯಾನರ್ ತೆಗೆದುಕೊಂಡು ಕೂತ. ಇಂಜಿನ್ನಿನ ಕಾಲು ಬಿಚ್ಚಿದ. ಒಳಗೆ ಬೆರಳು ಹಾಕಿ ಎಂತದೋ ಎಳೆದ. ಅದು ಬಂತು, ಬಂತು, ಬರುತ್ತಲೇ ಇತ್ತು. ಕರ್ರಗೆ ಸುಟ್ಟ ಬಾಳೆನಾರು, ಅದರ ಗಂಟುಗಂಟಿಗೂ ಒಣಗಿದ ಅಬ್ಬಲಿಗೆ ತೊಟ್ಟು.

"ಅರೇ ಅಮ್ಮಾ, ಇಂಜಿನ್ನಿಗೆ ಹೂವು ಯಾರು ತಿನ್ನಿಸಿದ್ದು?" ಅಂದ.

ಸಮುದ್ರ ತಕಂತದೆ ಅಂದಿದ್ದನಲ್ಲ ನಮ್ಮ ಭಕ್ತಶಿರೋಮಣಿ! ಇಂಜಿನ್ನೇ ನೀರಿನ ಜೊತೆ ಮಾಲೆಯನ್ನು ಎಳೆದುಕೊಂಡು ನುಂಗಿತ್ತು. ತಂಪಿನ ನೀರು ಹೋಗುವ ದಾರಿ ಕಟ್ಟಿ, ನೀರೆತ್ತುವ ರಬ್ಬರಿನ ಚಕ್ರ ಸುಟ್ಟಿತ್ತು. ಬೇರೆ ಎಲ್ಲ ಗಟ್ಟಿ. ಅಂಗೈಯಷ್ಟು ರಬ್ಬರಿಗೆ ಹದಿನಾಲ್ಕು ನೂರು ಅಂದಾಗ ಮೊದಲು ಬೈದೆ, ಆಮೇಲೆ ಕೈ ಮುಗಿದೆ. ಹೊಸತು ಹಾಕಿ, ಡ್ರಮ್ಮಿನ ನೀರಿಗಿಳಿಸಿ ಹಗ್ಗ ಎಳೆದ. ಇಂಜಿನ್ ಗುಡುಗಿ, ಪಕ್ಕದ ತೂತಿನಿಂದ ಚಿರ್ ಅಂತ ನೀರು ಹಾರಿಸಿತು. "ಉಚ್ಚೆ ಹೊಯ್ತು ಅಂದ್ರೆ ಆರೋಗ್ಯ ಸರಿ ಇದೆ" ಅಂದ ಜುಬೇರ್. ಅವನ ಕೆಲಸಕ್ಕೆ ಕೊಟ್ಟದ್ದನ್ನು ಎಣಿಸದೆ ಜೇಬಿಗೆ ಹಾಕಿಕೊಂಡ.

ಊರಿಗೆ ಬಂದರೆ ಲಿಂಗಪ್ಪ ಕೃಷ್ಣಾನಂದನ ಜೊತೆ ಜಗುಲಿಯಲ್ಲಿ ಕೂತಿದ್ದ. ನಾರಿನ ಉಂಡೆಯನ್ನು ಮೈದುನನ ಅಂಗೈಗೆ ಹಾಕಿದೆ. "ತಕಾ, ನಿನ್ನ ಪ್ರಸಾದ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಾರೆ, ನೀನು ಜುಟ್ಟೂ ಬಿಟ್ಟು ಗಂಟಲಿಗೇ ತುರುಕಿದ್ಯಲ್ಲೊ!"

ಲಿಂಗಪ್ಪನ ಮುಖ ಸಪ್ಪಗಾಯಿತು. ಕೃಷ್ಣಾನಂದ ಮಾತ್ರ ಬಿಡಲಿಲ್ಲ. "ಸರಿ ಆದ್ರೂ ಹಳೇ ಡಬ್ಬಿ. ಮೊದ್ಲು ದಡ ಮುಟ್ಟಿದವಂಗೆ ದರ. ನಲವತ್ತು ಹಾರ್ಸಿನ ಮುಂದೆ ಇದು ಎಲ್ಲಿಗೆ?"

"ನಾಳೆ ಒಂದಿನ ನೋಡ್ವ" ಅಂದ ಲಿಂಗಪ್ಪ. "ವೆಂಕಟನಿಗಿಂತ ಹಿಂದೆ ಬಿದ್ರೆ ನಾಡಿದ್ದಿಂದ ನಿಮ್ಮ ಇಂಜಿನ್ನೇ ಕಟ್ತೆ."

ಮರುದಿನ ಮಧ್ಯಾಹ್ನ ನಾನು ದಂಡೆಯಲ್ಲಿ ನಿಂತಿದ್ದೆ. ಎರಡೂ ದೋಣಿಗೆ ಬಂಗಡೆ ಬಿದ್ದಿದೆ ಅಂತ ಫೋನ್ ಬಂದಿತ್ತು. ಮೀನಿನ ಲಾರಿಗಳು ಸಾಲಾಗಿ ನಿಂತಿದ್ದವು. ದೂರದಲ್ಲಿ ಕಂಡದ್ದು ವೆಂಕಟನ ದೋಣಿ, ನೀರು ಸೀಳಿಕೊಂಡು ಬರುತ್ತಿತ್ತು. ನಮ್ಮದು ಅದರ ಹಿಂದೆ, ಬಹಳ ಹಿಂದೆ. ಕೃಷ್ಣಾನಂದ ನನ್ನ ಪಕ್ಕದಲ್ಲೇ ನಿಂತು ನಕ್ಕ.

ಆದರೆ ಅದು ಇಳಿತದ ಹೊತ್ತು. ದಡಕ್ಕೆ ಬರಲು ದಾಟಲೇಬೇಕಾದ, ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳು ಮೇಲೆದ್ದಿತ್ತು. ಅಲ್ಲಿಗೆ ಬಂದದ್ದೇ ವೆಂಕಟನ ದೋಣಿ ನಿಧಾನ ಆಯಿತು. ಕೃಷ್ಣಾನಂದನ ನಗು ನಿಂತಿತು. ಫೋನ್ ಕಿವಿಗೆ ಒತ್ತಿ ಕೂಗತೊಡಗಿದ: "ಫ್ಯಾನು! ಫ್ಯಾನು ಜೋಪಾನ! ಮರಳು ತಾಗಿದ್ರೆ ಮೂವತ್ತೈದು ಸಾವಿರ ಯಾರಪ್ಪ ಕೊಡ್ತಾನೆ? ಗೇರ್ ಮುರಿದ್ರೆ ಲಕ್ಷ! ನಿಲ್ಲಿಸಾ, ನೀರು ಏರಿ ಭರತ ಬರೂವರೆಗೆ ಅಲ್ಲೇ ನಿಲ್ಲಿಸು!"

ವೆಂಕಟ ನಿಲ್ಲಿಸಿದ. ಇಂಜಿನ್ ಯಾರದೋ, ಹೆದರಿಕೆಯೂ ಅವರದೇ.

ಅಷ್ಟರಲ್ಲಿ ನಮ್ಮ ಹಳೇ ಡಬ್ಬಿ ಟರ್ ಅನ್ನುತ್ತ ಬಂತು. ಲಿಂಗಪ್ಪ ಹಿಂದೆ ನಿಂತು ಇಂಜಿನ್ನಿನ ಕಾಲನ್ನು ಕೈಯಲ್ಲೇ ಅರ್ಧ ಎತ್ತಿ ಹಿಡಿದಿದ್ದ, ಫ್ಯಾನು ನೀರಿನ ಮೇಲ್ಪದರ ಕಡೆಯುತ್ತಿತ್ತು. ಮರಳಿನ ಮೇಲೆ ಮೊಣಕಾಲುದ್ದ ನೀರು. ದೋಣಿ ಒಮ್ಮೆ ಉಜ್ಜಿತು, ವಾಲಿತು. "ಎತ್ತಾ ಲಿಂಗಪ್ಪಾ, ಇನ್ನೂ ಎತ್ತು!" ಅಂತ ನಾನು ಗಂಟಲು ಹರಿಯುವಂತೆ ಕೂಗಿದೆ. ತೆರೆಯೊಂದು ಹಿಂದಿನಿಂದ ಬಂದು ನೂಕಿತು. ದಾಟಿತು! ವೆಂಕಟನ ಪಕ್ಕದಿಂದಲೇ, ನೀರು ಚಿರ್ ಅಂತ ಹಾರಿಸುತ್ತ ದಾಟಿಬಂತು ನನ್ನ ಇಂಜಿನ್! ನಾನು ಸೀರೆ ಎತ್ತಿ ಕಟ್ಟಿ ಸೊಂಟದುದ್ದ ನೀರಿಗೆ ಓಡಿದೆ. ಅಂಥ ಖುಷಿ ನನ್ನ ಮದುವೆ ದಿನವೂ ಆಗಿರಲಿಲ್ಲ.

ಹರಾಜು ನಾನೇ ಕೂಗಿದೆ. ಮೊದಲ ಬಂಗಡೆ, ಲಾರಿಯವರು ಮುಗಿಬಿದ್ದರು. ಕೃಷ್ಣಾನಂದನಿಗೂ ಲಾರಿ ತುಂಬಿಸಲೇಬೇಕಿತ್ತು. "ಸಾವಕಾರ್ರೇ, ದೊಡ್ಡಕೆ ಕೂಗಿ, ಕೇಳೂದಿಲ್ಲ" ಅಂದೆ. ಕೂಗಿದ, ಎಲ್ಲರಿಗಿಂತ ಮೇಲೆ ಕೂಗಿ ತೆಗೆದುಕೊಂಡ. ವೆಂಕಟನ ದೋಣಿ ದಡ ಮುಟ್ಟುವಾಗ ದರ ಅರ್ಧಕ್ಕೆ ಇಳಿದಿತ್ತು.

ಸಂಜೆ ಹರಾಜಿನ ದುಡ್ಡನ್ನೂ ಮನೆಗೆ ಉಳಿಸಿದ ಮೀನನ್ನೂ ಪಾಲು ಹಂಚಲು ಎಲ್ಲರೂ ದೋಣಿಯ ಸುತ್ತ ಕೂತೆವು. ಲಿಂಗಪ್ಪ ಎಂದಿನ ಹಾಗೆ ಎದ್ದು ನಿಂತು ಕೂಗಿದ. "ದೋಣಿ ಪಾಲು." ಇಟ್ಟ. "ಬಲೆ ಪಾಲು." ಇಟ್ಟ. ಮೂರನೆಯದನ್ನು ಎತ್ತಿಕೊಂಡು ನನ್ನ ಕಡೆ ತಿರುಗಿದ. ಆಮೇಲೆ ದಂಡೆಗೆಲ್ಲ ಕೇಳುವ ಹಾಗೆ ಕೂಗಿದ.

"ಗಂಗತ್ಗೆ ಪಾಲು!"