ತುತ್ತಿಗೊಂದು ಮಾತು

ಆ ಚಾವಣಿ ಮಾರುಕಟ್ಟೆಯಲ್ಲಿ ಮೊಟ್ಟೆಗೆಂದೇ ಇದ್ದದ್ದು ಒಂದೇ ಅಂಗಡಿ, ಬೇಕರಿಗೂ ಮೀನಿನ ಕಟ್ಟೆಗೂ ನಡುವೆ. ಹನ್ನೊಂದು ವರ್ಷದಿಂದ ಅದನ್ನು ನಡೆಸುತ್ತಿದ್ದವಳು ಅಂಗಡಿಯವನ ಸೊಸೆ. ಒಂದೊಂದು ಮೊಟ್ಟೆಯನ್ನೂ ಬಲ್ಬಿನ ಎದುರು ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಕೆಟ್ಟದ್ದನ್ನು ಬಕೆಟ್ಟಿಗೂ ಒಳ್ಳೆಯದನ್ನು ತಟ್ಟೆಗೂ ಸೇರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಪರವಾನಗಿ ಮಾವನ ಹೆಸರಿನಲ್ಲಿತ್ತು. ಗಲ್ಲಾದ ಮೇಲೆ ತೂಗುಹಾಕಿದ್ದ ಫೋಟೋ ಕೂಡ ಅವನದೇ. ಅಷ್ಟು ವರ್ಷವೂ ಅವನು ಅವಳನ್ನು ಕರೆದದ್ದು ‘ಏ ಇವಳೇ’ ಎಂದು. ಗಿರಾಕಿಗಳು ಕೇಳಿದರೆ, ‘ಕೆಲಸಕ್ಕಿರೋಳು’ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದ.

ಮಗ ತೀರಿಕೊಂಡು ಎರಡು ವರ್ಷಕ್ಕೆ, ಚಳಿಗಾಲದಲ್ಲಿ, ಅವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿತ್ತು, ಮಾತೂ ಬಿತ್ತು. ಮಾರುಕಟ್ಟೆಯ ನಿಯಮ ಕಟ್ಟುನಿಟ್ಟು: ಪರವಾನಗಿಯವನು ಕೈಲಾಗದವನಾದರೆ, ವರ್ಷದ ತಪಾಸಣೆಯ ದಿನ ಅಂಗಡಿಯಲ್ಲೇ ಕೂತು, ಅಧಿಕಾರಿಯ ಎದುರು ಸ್ವಂತ ಬಾಯಿಂದ ಅಂಗಡಿ ಯಾರಿಗೆಂದು ಹೇಳಬೇಕು. ಹೆಬ್ಬೆಟ್ಟು ನಡೆಯದು. ಹಿಂದೊಮ್ಮೆ ತರಕಾರಿಯವನೊಬ್ಬ ಸತ್ತ ಮಾರನೆಯ ದಿನವೂ ಹೆಬ್ಬೆಟ್ಟು ಒತ್ತಿದ್ದನಂತೆ. ಮಾತು ಬಾರದಿದ್ದರೆ ಅಂಗಡಿ ಮಾರುಕಟ್ಟೆ ಕಚೇರಿಗೆ ವಾಪಸ್ಸು, ಸೊಸೆ ಬೀದಿಗೆ. ಅವಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ, ಬೇರೆ ದಿಕ್ಕೂ ಇರಲಿಲ್ಲ.

ತಪಾಸಣೆಗೆ ಹದಿನೈದು ದಿನ ಇರುವಾಗ ಅವಳು ಪಾಠ ಶುರುಮಾಡಿದಳು. ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಬಟ್ಟಲು ಹಿಡಿದು ಎದುರು ಕೂರುವಳು.

“ಮಾವ, ಅಂಗಡಿ ಯಾರಿಗೆ? ಸೊಸೆಗೆ ಅನ್ನಿ. ಸೊ-ಸೆ-ಗೆ. ಅಂದ್ರೆ ಕೊಡ್ತೀನಿ.”

ಮಾತಿನಲ್ಲಿ ಮರ್ಯಾದೆಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಹೊಟ್ಟೆಗೆ. ಮೊದಲ ದಿನ ಮಧ್ಯಾಹ್ನದವರೆಗೂ ಅವನಿಗೆ ಏನೂ ಸಿಗಲಿಲ್ಲ. ಮೂರನೆಯ ದಿನ ‘ಸೊ’ ಎಂದಾಗ ಅರ್ಧ ಚಮಚ ಸಿಕ್ಕಿತು. ಅವಳಿಗೆ ನಾಚಿಕೆ ಆಗಲಿಲ್ಲ ಅಂದರೆ ಸುಳ್ಳಾದೀತು, ಎರಡು ದಿನ ಆಯಿತು. ಆಮೇಲೆ ಅಭ್ಯಾಸವಾಯಿತು. ಹತ್ತನೆಯ ದಿನದ ಹೊತ್ತಿಗೆ ಮುದುಕ ಪ್ರಶ್ನೆ ಮುಗಿಯುವ ಮೊದಲೇ “ಸೊಸೆಗೆ” ಎಂದು ಬಾಯಿ ತೆರೆಯುತ್ತಿದ್ದ. ಕಲಿಸಿದವಳಿಗೆ ಒಳಗೊಳಗೇ ಹೆಮ್ಮೆ.

ತಪಾಸಣೆಯ ದಿನ ಅವನಿಗೆ ಗಡ್ಡ ಕೆರೆದು, ಒಗೆದ ಅಂಗಿ ತೊಡಿಸಿ, ಗಾಲಿಕುರ್ಚಿಯಲ್ಲಿ ತಂದು ಮೊಟ್ಟೆ ತಟ್ಟೆಗಳ ನಡುವೆ ಕೂರಿಸಿದಳು. ಹಿಂದಿನ ಸಂಜೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಸಿದಿದ್ದರೆ ಮಾತು ಚುರುಕಾಗಿ ಬರುತ್ತದೆಂದು ಅವಳು ಕಂಡುಕೊಂಡಿದ್ದಳು.

“ಏನೇ, ಮದುಮಗನ ಥರ ಸಿಂಗಾರ ಮಾಡಿ ತಂದಿದ್ದೀಯಾ!” ಎಂದಳು ಮೀನಿನವಳು ಪಕ್ಕದ ಕಟ್ಟೆಯಿಂದ.

ಹತ್ತೂವರೆಗೆ ನಾದಿನಿ ಬಂದಳು, ಮುದುಕನ ಮಗಳು. ಚಳಿಗಾಲದಿಂದ ಈಚೆಗೆ ಅಪ್ಪ ಇದ್ದಾನೋ ಸತ್ತನೋ ಎಂದು ಇಣುಕಿಯೂ ನೋಡದವಳು ಇವತ್ತು ಗಂಟೆಗೆ ಮೊದಲೇ ಹಾಜರು. ಅಂಗಡಿ ಕೈಗೆ ಸಿಕ್ಕರೆ ವಾರದೊಳಗೆ ಮಾರಿಬಿಡುವ ಆಸಾಮಿ ಎಂಬುದು ಇಡೀ ಸಾಲಿಗೆ ಗೊತ್ತಿತ್ತು.

ಅಧಿಕಾರಿ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಬಂದು ಫೈಲು ಬಿಚ್ಚಿದ.

“ಅಜ್ಜಾ, ಅಂಗಡಿ ಯಾರಿಗೆ ಕೊಡ್ತೀರಿ?”

“ಸೊಸೆಗೆ.”

ಸ್ಪಷ್ಟವಾಗಿ, ಗಟ್ಟಿಯಾಗಿ. ಸೊಸೆಗೆ ಹೋದ ಜೀವ ಬಂದಂತಾಯಿತು. ಅಧಿಕಾರಿ ಪೆನ್ನಿನ ಕ್ಯಾಪು ತೆಗೆದ. ಅಷ್ಟರಲ್ಲಿ ಮುದುಕ ಬಾಯಿ ತೆರೆದ. ಅಗಲವಾಗಿ ತೆರೆದು, ಒಣಗಿದ ನಾಲಿಗೆ ಮುಂದೆ ಚಾಚಿ, ಕಾದ.

“ಇನ್ನೂ ಏನೋ ಹೇಳ್ಬೇಕಾ ಇವ್ರಿಗೆ?”

“ಇಲ್ಲ ಸಾರ್, ಆಕಳಿಕೆ. ಬೆಳಗ್ಗೆ ಬೇಗ ಎದ್ದಿದ್ದಾರೆ.”

“ಸೊಸೆಗೆ,” ಎಂದ ಮುದುಕ, ಮತ್ತೆ ಬಾಯಿ ತೆರೆದ.

ನಾದಿನಿ ಎಷ್ಟೆಂದರೂ ಅದೇ ಮುದುಕನ ಮಗಳು, ಇಂಥದ್ದರಲ್ಲಿ ಬುದ್ಧಿ ಚುರುಕು. ಬೇಕರಿಯ ಕಟ್ಟೆಯಿಂದ ಒಂದು ಕೇಕು ಎತ್ತಿಕೊಂಡು, ಮುರಿದು, ಅಪ್ಪನ ಬಾಯಿಗೆ ತುರುಕಿದಳು. ಅವನು ಅಗಿಯದೆ ನುಂಗಿದ. ಎರಡನೆಯ ತುಂಡನ್ನು ಅವನ ಕಣ್ಣೆದುರು ಹಿಡಿದಳು.

“ಮಗಳಿಗೆ ಅನ್ನಪ್ಪ. ಮ-ಗ-ಳಿ-ಗೆ.”

“ಮ... ಮಗ... ಮಗಳಿಗೆ.”

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ತಾನು ಹದಿನೈದು ದಿನ ಹೆಣಗಿ ಕಲಿಸಿದ್ದನ್ನು ಇವಳು ಒಂದು ಕೇಕಿನಲ್ಲಿ ಮುಗಿಸಿದ್ದಳು! ಕಟ್ಟೆಯ ಕೆಳಗಿದ್ದ ಡಬ್ಬಿ ತೆಗೆದು, ಹಾಲುಬ್ರೆಡ್ಡಿನ ಚಮಚ ಹಿಡಿದಳು. “ಹೇಳಿ ಮಾವ, ಯಾರಿಗೆ?”

“ಸೊಸೆಗೆ.” ಒಂದು ಚಮಚ. “ಮಗಳಿಗೆ.” ಒಂದು ತುಂಡು. ಜನ ಗುಂಪುಗೂಡಿದರು. ಮೀನಿನವಳು ಕೈಚೀಲ ಹಿಡಿದ ಗಿರಾಕಿಗಳಿಗೆಲ್ಲ ಕೇಳುವಂತೆ, “ಸೊಸೆಗೆ ಮೂರು, ಮಗಳಿಗೆ ಎರಡು” ಎಂದು ಕೂಗಿ ಹೇಳುತ್ತಿದ್ದಳು. ಎಲ್ಲರೂ ನಕ್ಕರು. ಮುದುಕನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒಗೆದ ಅಂಗಿಯ ಮೇಲೆ ಹಾಲು ಸುರಿಯುತ್ತಿತ್ತು. ಅವನು ಇಬ್ಬರ ಮುಖವನ್ನೂ ನೋಡಲಿಲ್ಲ, ಚಮಚದ ಕಡೆಗೊಮ್ಮೆ ಕೇಕಿನ ಕಡೆಗೊಮ್ಮೆ ತಲೆ ಹೊರಳಿಸುತ್ತಿದ್ದ.

“ಸಾಕು ನಿಲ್ಸ್ರಮ್ಮಾ!” ಎಂದ ಅಧಿಕಾರಿ. ‘ಹೇಳಿಕೆ ಕೊಡುವ ಸ್ಥಿತಿಯಲ್ಲಿಲ್ಲ. ಅಂಗಡಿ ಕಚೇರಿಯ ವಶಕ್ಕೆ’ ಎಂದು ಬರೆದು ಸಹಿ ಹಾಕಿದ. ಸೊಸೆ ಕೈಮುಗಿದಳು, ಗೋಗರೆದಳು, ಹನ್ನೊಂದು ವರ್ಷ ಎಂದಳು. ಅವನು ಆಗಲೇ ಬೇಕರಿಯ ಫೈಲು ತೆಗೆದಿದ್ದ. ಆ ಅಜ್ಜ ಯಾಕೆ ಅಷ್ಟು ಹಸಿದಿದ್ದ ಎಂದು ಅವನು ಕೇಳಲಿಲ್ಲ. ಅರ್ಜಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ನಾದಿನಿ ಬೆರಳು ಒರೆಸಿಕೊಂಡು ಹೊರಟಳು.

“ನಿಮ್ಮಪ್ಪನ್ನಾದ್ರೂ ಕರ್ಕೊಂಡು ಹೋಗು,” ಎಂದಳು ಸೊಸೆ.

“ಅಂಗಡಿ ಬಂದಿದ್ರೆ ಅಪ್ಪನೂ ಬರ್ತಿದ್ದ, ಅತ್ತಿಗೆ.”

ಸಂಜೆ ಮನೆಯಲ್ಲಿ ಸೊಸೆ ಎಂದಿನಂತೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಬಟ್ಟಲು ಹಿಡಿದು ಅವನ ಎದುರು ಕೂತಳು. ಮುದುಕ ಪ್ರಶ್ನೆಗೆ ಕಾದ. ಅವಳು ಏನೂ ಕೇಳಲಿಲ್ಲ. ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

“ಸೊಸೆಗೆ,” ಎಂದ ಅವನೇ, ಬಾಯಿ ತೆರೆದ.

ಅವಳು ಚಮಚ ತುಂಬಿ ತನ್ನ ಬಾಯಿಗಿಟ್ಟುಕೊಂಡಳು.

“ಮಗಳಿಗೆ?” ಎಂದು ಅವನು ಅಂಜುತ್ತಾ ನೋಡಿದ. ಅದೂ ಫಲಿಸಲಿಲ್ಲ. ಮತ್ತೆ “ಸೊಸೆಗೆ” ಎಂದ. ಬಟ್ಟಲಿನ ತಳ ಕಾಣುವವರೆಗೂ ಅವನು ಹೇಳುತ್ತಲೇ ಇದ್ದ, ಅವಳು ತಿನ್ನುತ್ತಲೇ ಇದ್ದಳು.