ಬಳೆಗಾಡಿಯ ಮೇಲೆ ನನ್ನ ಮೆರವಣಿಗೆ

ನಾನು ಒಂದು ಸ್ಕ್ಯಾನರ್. ಜೀಪಿನ ನೆತ್ತಿಯ ಮೇಲೆ ಕೂತು, ಗಿರಗಿರನೆ ತಿರುಗುತ್ತ ಊರಿನ ನಕ್ಷೆ ತೆಗೆಯುವುದೇ ನನ್ನ ಕೆಲಸ. ಹುಟ್ಟಿದ್ದು ಧೂಳೇ ಇಲ್ಲದ ಕಾರ್ಖಾನೆಯಲ್ಲಿ, ಬದುಕಿದ್ದೆಲ್ಲ ಧೂಳಿನಲ್ಲೇ! ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಕಂಡದ್ದರ ಮೇಲೆಲ್ಲ ಬೆಳಕಿನ ಚುಕ್ಕಿ ಇಡುತ್ತೇನೆ. ಕಂಬ, ಗೋಡೆ, ಮಲಗಿದ ಎಮ್ಮೆ, ಯಾರನ್ನೂ ಬಿಡುವುದಿಲ್ಲ.

ನನ್ನ ಒಡತಿ ಸರ್ವೆ ಎಂಜಿನಿಯರ್ ಮಂದಾಕಿನಿ. ಜೀಪು ಓಡಿಸುವವರು ದಾವಲಸಾಬ. ಗದಗದಲ್ಲಿ ಮಳೆನೀರು ಹರಿಯಲು ಹೊಸ ಗಟಾರ ಕಟ್ಟಲೆಂದು ಓಣಿ ಓಣಿ ಅಳೆದೆವು. ಕೊನೆಯ ದಿನ ಬಳೆಗಾರ ಓಣಿಯ ಬಾಯಲ್ಲೇ ಜೀಪು ನಿಂತಿತು. ಓಣಿ ಅಷ್ಟು ಕಿರಿದು.

"ಇದೊಂದು ಬಿಟ್ಟು ಹೋಗೂಣ್ರಿ ಮೇಡಂ," ಎಂದರು ದಾವಲಸಾಬ.

ತಳ್ಳುಗಾಡಿಯಲ್ಲಿ ಬಳೆ ಮಾರುವ ಗುರಸಿದ್ದವ್ವ ಅಡ್ಡ ಬಂದಳು. "ನಕ್ಷಾದಾಗ ನಮ್ಮ ಓಣಿ ಇಲ್ಲಂದ್ರ ಗಟಾರನೂ ಇಲ್ಲ. ಮಳಿ ಬಂದ್ರ ನಮ್ಮ ಒಲಿಯಾಗ ಕಪ್ಪಿ ಕುಣೀತಾವ ಯವ್ವಾ!"

"ಜೀಪು ಹೋಗೂದಿಲ್ಲಲ್ಲಬೇ," ಎಂದಳು ಮಂದಾಕಿನಿ.

"ನನ್ನ ಗಾಡಿ ಹೋಗ್ತೈತಲ್ಲ!"

ಬಳೆಗಳು ಕಟ್ಟೆಗಿಳಿದವು, ನಾನು ತಳ್ಳುಗಾಡಿಗೇರಿದೆ. ಗುರಸಿದ್ದವ್ವ ಆರತಿ ಎತ್ತಿ, ನನ್ನ ಬೆನ್ನಿಗೆ ಕುಂಕುಮ ಹಚ್ಚಿದಳು. ಯಾರೋ ಹಲಗೆ ಬಾರಿಸಿದರು. ಅಷ್ಟೇ ಸಾಕಾಯಿತು. ಆರತಿ ತಟ್ಟೆ ಹಿಡಿದ ಗುರಸಿದ್ದವ್ವನ ಜೊತೆ ಇಡೀ ಓಣಿ ನನ್ನ ಮುಂದೆ ಕುಣಿಯುತ್ತ ನಡೆಯಿತು!

ಓಣಿಯ ತುದಿಯಲ್ಲಿ ಮಂದಾಕಿನಿ ಲ್ಯಾಪ್‌ಟಾಪ್ ನೋಡಿ ಹಣೆ ಚಚ್ಚಿಕೊಂಡಳು. "ನೆಲ ಎಲ್ಲೈತ್ರಿ? ಬರೇ ಕಾಲು! ಹಿಂಗಾದ್ರ ಗಟಾರ ನಿಮ್ಮ ತಲಿ ಮ್ಯಾಲ ಹರೀತೈತಿ!"

ಹಲಗೆ ನಿಂತಿತು. ಗುರಸಿದ್ದವ್ವ ಸೆರಗು ಸಿಕ್ಕಿಸಿದಳು. "ಎಲ್ಲಾರೂ ಒಳಗ ನಡೀರಿ! ಹೊರಗ ಕಾಲಿಟ್ಟವ್ರಿಗೆ ಈ ಹಬ್ಬಕ್ಕ ಬಳಿ ಇಲ್ಲ!"

"ನನಗಂತೂ ಬಳಿ ಬ್ಯಾಡ," ಎಂದರು ದಾವಲಸಾಬ.

"ನೀವು ಅದಕ್ಕ ಕಾಣದಂಗ ಬಗ್ಗಿ ಗಾಡಿ ತಳ್ರಿ, ಸುಮ್ನ!"

ಎರಡನೆಯ ಸಲ ಓಣಿ ಖಾಲಿ. ಕಿಟಕಿಗಳ ತುಂಬ ಉಸಿರು ಬಿಗಿಹಿಡಿದ ಮುಖಗಳು. ಬಳೆಯ ಆಸೆಯಿಲ್ಲದ ಒಂದು ಕೋಳಿ ಮಾತ್ರ ಅಡ್ಡ ಓಡಿತು. ನೆಲದ ಏರು, ಇಳಿಜಾರು, ಎಲ್ಲ ಸಿಕ್ಕಿತು.

ಮುಂದಿನ ವರ್ಷದ ಮಳೆಯಲ್ಲಿ ಆ ಕಡೆ ಹಾದೆವು. ಹೊಸ ಗಟಾರದಲ್ಲಿ ನೀರು ಜುಳುಜುಳು ಓಡುತ್ತಿತ್ತು. ಗುರಸಿದ್ದವ್ವ ಬಾಗಿಲಲ್ಲೇ ಕೂಗಿದಳು: "ಕಪ್ಪಿ ಎಲ್ಲಾ ಮನಿ ಖಾಲಿ ಮಾಡ್ಯಾವ ಬೇ!"

ಈಗ ನನಗೆ ವಯಸ್ಸಾಗಿದೆ. ಅಂಗೈಯಷ್ಟಿನ ಹೊಸ ಯಂತ್ರ ಬಂದ ಮೇಲೆ ಮಂದಾಕಿನಿ ನನ್ನನ್ನು ತಾನು ಓದಿದ ಕಾಲೇಜಿಗೆ ಕೊಟ್ಟಳು. ಲ್ಯಾಬಿನ ಕಪಾಟಿನಲ್ಲಿದ್ದೇನೆ. ಜೊತೆಗೆ ಮೊದಲ ಸಲದ ಆ ಕೆಟ್ಟ ನಕ್ಷೆಯನ್ನೂ ಅಳಿಸದೆ ಕೊಟ್ಟಿದ್ದಾಳೆ. ವಿದ್ಯಾರ್ಥಿಗಳು ಅದನ್ನೇ ಮತ್ತೆ ಮತ್ತೆ ತೆರೆಯುತ್ತಾರೆ. ಅದರಲ್ಲಿ ನಾನು ತಿರುಗಿದಾಗಲೆಲ್ಲ ಸಿಕ್ಕ, ಹೆಜ್ಜೆಗೊಬ್ಬಳಂತೆ ನೂರಾರು ಗುರಸಿದ್ದವ್ವಂದಿರು, ಎಲ್ಲರ ಕೈಯಲ್ಲೂ ಆರತಿ ತಟ್ಟೆ, ಸುತ್ತ ಚುಕ್ಕಿ ಚುಕ್ಕಿಯಾಗಿ ಕುಣಿಯುವ ಓಣಿ.

"ಯಾರ ಮದುವಿ ಲೇ ಇದು?" ಎಂದು ನಗುತ್ತಾರೆ.

ನನ್ನದೇ ಎನ್ನಲು ಬಾಯಿಲ್ಲ. ಬೆನ್ನಿನ ಸ್ಕ್ರೂ ಸಂದಿಯಲ್ಲಿ ಕುಂಕುಮ ಮಾತ್ರ ಇನ್ನೂ ಇದೆ.