ಡಿಸ್ಕಿಗಿಟ್ಟ ಕುಂಕುಮ

ಮಹಾಲಯ ಅಮಾವಾಸ್ಯೆಯ ದಿನ ಜೋಗುಪಾಳ್ಯದ ಆ ಮನೆಯಲ್ಲಿ ಎಡೆಗೆ ಬೇಕಾದದ್ದೆಲ್ಲ ಸಿದ್ಧವಾಗಿತ್ತು. ಕೊಚ್ಚಿದ ಮಾಂಸದ ಕೈಮದುಂಡೆ ಸಾರು ಒಲೆಯಿಂದ ಇಳಿದಿತ್ತು, ಮುದ್ದೆ ಹಬೆಯಾಡುತ್ತಿತ್ತು, ವಡೆ ಗರಿಗರಿಯಾಗಿ ಕೂತಿತ್ತು. ತೀರಿಕೊಂಡ ಮುನಿರಾಜಪ್ಪನವರಿಗೆಂದು ಹೊಸ ಪಂಚೆ, ಒಂದು ಕಟ್ಟು ಬೀಡಿ, ಅವರ ಹಳೆಯ ಬಣ್ಣದ ಬ್ರಷ್ಷು ಮಣೆಯ ಪಕ್ಕಕ್ಕೆ ಬಂದಾಗಿತ್ತು. ಬರಬೇಕಾದವರು ಮಾತ್ರ ಬಂದಿರಲಿಲ್ಲ. ಟೀವಿಯ ಕೆಳಗಿದ್ದ ಬ್ಲೂ-ರೇ ಪ್ಲೇಯರು ಡಿಸ್ಕನ್ನು ಒಳಗೆಳೆದುಕೊಂಡು, ಗರಗರ ಎಂದು ಒಂದಷ್ಟು ಹೊತ್ತು ಒದ್ದಾಡಿ, ಈ ಡಿಸ್ಕನ್ನು ಓದಲಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿ ಸುಮ್ಮನಾಗುತ್ತಿತ್ತು.

ಸೊಸೆ ಯಮುನಾ ರಿಮೋಟು ಹಿಡಿದು ಪ್ಲೇಯರಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಅತ್ತೆ ದೊಡ್ಡಮುನಿಯಮ್ಮ ಗೋಡೆಗೆ ಒರಗಿ, ಸೌಟನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಹೋದ ವರ್ಷ, ಗಂಡ ಹೋದ ಮೇಲಿನ ಮೊದಲ ಹಿರಿಯರ ಹಬ್ಬದಲ್ಲಿ, ಆಕೆ ಮಗನ ಮದುವೆಯ ಡಿಸ್ಕ್ ಹಾಕಿಸಿ ಅವರ ದನಿ ಕೇಳಿದ ಮೇಲೆಯೇ ಎಡೆ ಬಡಿಸಿದ್ದರು. ಈ ವರ್ಷವೂ ಅಷ್ಟೇ ಎಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಮನುಷ್ಯ ಮನೆಗೆ ಬಂದ ಎಂದು ಗೊತ್ತಾದ ಮೇಲಲ್ಲವೇ ಎಲೆ ಹಾಕುವುದು? ದನಿ ಕೇಳದೆ ಬಡಿಸಿದರೆ ಯಾರಿಗೆ ಬಡಿಸಿದ ಹಾಗಾಯಿತು?

ಆ ದನಿಯಲ್ಲಿ ಇದ್ದದ್ದೂ ಅಂಥಿಂಥ ಮಾತಲ್ಲ. ಮುನಿರಾಜಪ್ಪ ಬೋರ್ಡು ಬರೆಯುವವರು. ಹಲಸೂರಿನ ಸುತ್ತ ಓಡಾಡುವ ಆಟೋಗಳ ಬೆನ್ನ ಮೇಲೆ ಯಾರದೋ ಹೆಂಡತಿಯ, ಯಾರದೋ ಮಗಳ ಹೆಸರನ್ನು ನೆರಳು ಕೊಟ್ಟು, ಹೂಬಳ್ಳಿ ಎಳೆದು ಬರೆದ ಕೈ ಅದು. ಊರವರ ಹೆಸರನ್ನೆಲ್ಲ ಬರೆದ ಆ ಮಹಾನುಭಾವ ತನ್ನ ಹೆಂಡತಿಯ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಿದವರಲ್ಲ. ಮನೆಯಲ್ಲಿ 'ಇವಳೇ', ಹೊರಗೆ ಮಗನ ಹೆಸರು ಹಿಡಿದು 'ನಮ್ಮ ಮುತ್ತು ಅಮ್ಮ', ಅಲ್ಲಿಗೆ ಸಂಸಾರ ಮುಗಿಯಿತು. ದೊಡ್ಡಮುನಿಯಮ್ಮನೂ ಏನು ಕಡಿಮೆಯವರಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದವಳನ್ನು ತಿವಿದು, ನೀನೇ ಹೇಳವ್ವ ಎನ್ನುವವರು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ಅವರ ಅವ್ವ ಹೇಳಿಕೊಟ್ಟಿದ್ದರಂತೆ. ಹೇಳದಿದ್ದರೂ ಅವರು ಹೋದರಲ್ಲ ಎಂದು ಆಕೆಯನ್ನು ಕೇಳುವ ಎದೆ ಯಾರಿಗೂ ಇರಲಿಲ್ಲ.

ಆದರೆ ಒಂದೇ ಒಂದು ಸಲ ಮುನಿರಾಜಪ್ಪ ಸಿಕ್ಕಿಬಿದ್ದಿದ್ದರು. ಮಗ ಮುತ್ತುರಾಜ್ ಯಮುನಾಳನ್ನು ಮದುವೆಯಾಗಿ ಮನೆ ತುಂಬಿಸಿಕೊಳ್ಳುವ ದಿನ, ಹೊಸಿಲಿಗೆ ಅಡ್ಡ ನಿಂತ ಹೆಂಗಸರು ಗಂಡು ಹೆಣ್ಣಿನ ಬಾಯಿಂದ ಪರಸ್ಪರ ಹೆಸರು ಹೇಳಿಸಿ ಒಳಗೆ ಬಿಟ್ಟರು. ಹಿಂದೆ ಬಂದ ಮುನಿರಾಜಪ್ಪನನ್ನು ಅವರ ತಂಗಿ ಜಟ್ಟೆಮ್ಮ ಬಿಡಲಿಲ್ಲ. ಮಗ ಹೇಳಿದ ಮೇಲೆ ಅಪ್ಪನೂ ಹೇಳಲಿ ಎಂದು ಪೇಟದ ತುದಿ ಹಿಡಿದು ಜಗ್ಗಿದಳು. ಅವರು ಕೆಮ್ಮಿದರು, ಆಕಾಶ ನೋಡಿದರು, ಕೊನೆಗೆ ಹೇಳಿದರು. ಶಿವಾಜಿನಗರದ ಸನಾವುಲ್ಲಾ ಸಾಬರ ಕ್ಯಾಮೆರಾ ಅದನ್ನು ಹಿಡಿದುಕೊಂಡಿತ್ತು. ಆ ಕಾಲಕ್ಕೆ ಬ್ಲೂ-ರೇ ಹೊಸದು. ಮುನಿರಾಜಪ್ಪ ಆ ಡಿಸ್ಕಿಗಾಗಿಯೇ ಪ್ಲೇಯರು ಕೊಂಡುತಂದು, ನಮ್ಮ ಮಗನ ಮದುವೆ ಬ್ಲೂನಲ್ಲಿ ಬಂದಿದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಹುಡುಗರು ಯಾಕೆ ನಗುತ್ತಿದ್ದಾರೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆ ದನಿಯನ್ನು ಪೆನ್‌ಡ್ರೈವಿಗೆ ಹಾಕಿಡುತ್ತೇನೆ ಎಂದು ಮುತ್ತುರಾಜ್ ಹೇಳುತ್ತಲೇ ಬಂದಿದ್ದ. ಅವನ ನಾಳೆ ಇನ್ನೂ ಬಂದಿರಲಿಲ್ಲ. ಈಗ ಅವನು ತನಗೆ ಗೊತ್ತಿದ್ದ ರಿಪೇರಿ ಮಾಡಿದ: ಪ್ಲೇಯರಿನ ನೆತ್ತಿಯ ಮೇಲೆ ಎರಡು ಬಿಟ್ಟ. ಯಮುನಾ ಅವನ ಕೈಹಿಡಿದು ಪಕ್ಕಕ್ಕೆ ಸರಿಸಿದಳು. ಇಂದಿರಾನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಯಂತ್ರ ತಪ್ಪು ಹೇಳಿದಾಗ ತಪ್ಪು ಯಂತ್ರದ್ದೋ, ಒಳಗಿಟ್ಟದ್ದರದ್ದೋ ಎಂದು ಮೊದಲು ಬೇರೆ ಮಾಡಬೇಕು ಎಂಬುದು ಅಲ್ಲಿ ರೂಢಿಯಾಗಿಹೋಗಿತ್ತು. ಪ್ಲಗ್ಗು ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದಳು. ಟೀವಿಗೆ ಹೋಗುವ ವೈರನ್ನು ಬಿಚ್ಚಿ ಬಿಗಿಯಾಗಿ ಸಿಕ್ಕಿಸಿದಳು. ಏನೂ ಆಗಲಿಲ್ಲ. ಆಮೇಲೆ ಮಗಳು ತೇಜಶ್ರೀಯ ಕಾರ್ಟೂನಿನ ಬ್ಲೂ-ರೇ ಡಿಸ್ಕೊಂದನ್ನು ಹಾಕಿದಳು. ಮೊಲವೊಂದು ಪರದೆಯ ತುಂಬ ಕುಣಿಯಿತು.

ಅಂದರೆ ಪ್ಲೇಯರು ಗಟ್ಟಿಯಾಗಿದೆ, ಕೆಟ್ಟಿರುವುದು ಡಿಸ್ಕು. ಪ್ಲೇಯರು ಕೆಟ್ಟಿದ್ದರೇ ಒಳ್ಳೆಯದಿತ್ತು, ಇನ್ನೊಂದು ತರಬಹುದಿತ್ತು ಎನಿಸಿತು ಯಮುನಾಳಿಗೆ. ಮದುವೆಯ ಡಿಸ್ಕನ್ನು ಹೊರತೆಗೆದು, ಅಂಚು ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿದಳು. ಹೊಳೆಯುವ ಬದಿಯಲ್ಲಿ, ನಡುವಿನ ತೂತಿನ ಪಕ್ಕಕ್ಕೆ ಅರಿಶಿನದ ಬೊಟ್ಟು. ಅದರಿಂದಾಚೆ, ಅಂಚಿನ ಹತ್ತಿರ, ದುಂಡಗೆ ಕುಂಕುಮ.

ಮುತ್ತುರಾಜ್ ನೋಡಿದವನೇ ಮಗಳ ಹೆಸರು ಹಿಡಿದು ಕೂಗಲು ಬಾಯಿ ತೆರೆದ. ಗೋಡೆಯ ಬಳಿಯಿಂದ ಮಾತು ಬಂತು.

"ಅವಳನ್ನ ಯಾಕೆ ಬೈತೀಯ? ನಾನೇ ಇಟ್ಟಿದ್ದು."

ಹೋದ ವರ್ಷ ಹಿರಿಯರ ಹಬ್ಬ ಕಳೆದು ಬಂದ ಆಯುಧಪೂಜೆಯಲ್ಲಿ ಎಂದು ಗೊತ್ತಾಯಿತು. ಆ ದಿನ ಮುತ್ತುರಾಜನ ಗಾಡಿ, ಮಿಕ್ಸಿ, ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರು ಹೀಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಬೊಟ್ಟು ಬಿದ್ದಿತ್ತು. ಆ ಸಂಭ್ರಮದಲ್ಲಿ ಇದೂ ಸೇರಿಹೋಗಿದೆ ಎಂದು ಯಮುನಾ ಅಂದುಕೊಂಡಳು. ಮುತ್ತುರಾಜ್ ಸಿಡಿಮಿಡಿಗೊಂಡು, ಇಡಲೇಬೇಕಿದ್ದರೆ ಮೇಲೆ ಹೆಸರು ಅಚ್ಚಾಗಿರುವ ಕಡೆ ಇಡಬಾರದಿತ್ತೇ, ಅದಲ್ಲವೇ ಮುಖ ಎಂದ.

"ಅದೆಂಗಪ್ಪ ಮುಖ ಆಗ್ತದೆ? ಮುಖ ಕಾಣೋದು ಈ ಕಡೆ. ಅವರು ಇರೋದೂ ಈ ಕಡೇನೆ." ದೊಡ್ಡಮುನಿಯಮ್ಮ ಸೌಟನ್ನೇ ನೋಡುತ್ತ ಹೇಳಿದರು. "ನನ್ನ ಭರಣೀಲಿ ಮೇಣ, ಕುಂಕುಮ ಎಲ್ಲ ಹಂಗೇ ಉಳಕೊಂಡಿತ್ತು. ನನ್ನ ಹಣೆಗಂತೂ ಇಡಂಗಿಲ್ಲ. ಅವರಿರೋ ಕಡೆ ಇಟ್ಟೆ."

ಯಮುನಾ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಳು. ದೃಶ್ಯ, ದನಿ ಎಲ್ಲ ಇರುವುದು ಆ ಹೊಳೆಯುವ ಬದಿಯ ತೆಳ್ಳನೆಯ ಪದರದ ಕೆಳಗೇ ಎಂದು ಅವಳಿಗೆ ಗೊತ್ತಿತ್ತು. ಅಕ್ಷರ ಬಾರದ ಅತ್ತೆ ಗಂಡನನ್ನು ಸರಿಯಾದ ಜಾಗದಲ್ಲೇ ಹುಡುಕಿ ಬೊಟ್ಟಿಟ್ಟಿದ್ದರು. ಎಡವಟ್ಟಾಗಿದ್ದೂ ಅದರಿಂದಲೇ. ಈಗ ಆ ಕುಂಕುಮವನ್ನು ಅಳಿಸಬೇಕಾದವಳು ತಾನು ಎಂಬುದು ಅವಳಿಗೆ ಹೊಳೆಯಿತು. ಮಾವ ಹೋದ ದಿನ ಅತ್ತೆಯ ಹಣೆ ಒರೆಸಿದವರು ಯಾರ್ಯಾರೋ ಹೆಂಗಸರು. ಯಮುನಾ ಆಗ ಮುಖ ತಿರುಗಿಸಿ ನಿಂತಿದ್ದಳು.

ಮುಟ್ಟುವ ಮೊದಲು ಸನಾವುಲ್ಲಾ ಸಾಬರಿಗೆ ಫೋನು ಮಾಡಿದಳು. ಅವರು ಸ್ಟುಡಿಯೋ ಮುಚ್ಚಿ, ಮಗನ ಜೊತೆ ಫ್ರೇಜರ್ ಟೌನಿನಲ್ಲಿ ಆರಾಮಾಗಿದ್ದರು. ಇನ್ನೊಂದು ಪ್ರತಿ ಇದೆಯೇ ಎಂದು ಕೇಳಿದಳು. ಹಳೆಯ ಮದುವೆಗಳನ್ನೆಲ್ಲ ತುಂಬಿಟ್ಟಿದ್ದ ಹಾರ್ಡ್ ಡಿಸ್ಕು ಎಂದೋ ಸತ್ತುಹೋಗಿತ್ತಂತೆ. ಪೇಟ ಹಿಡಿದು ಎಳೆದದ್ದು ಅವರಿಗೂ ಚೆನ್ನಾಗಿ ನೆನಪಿತ್ತು. ನಗು ತಡೆಯಲಾಗದೆ ತನ್ನ ಕ್ಯಾಮೆರಾ ಅಲ್ಲಾಡಿದ್ದನ್ನೂ ಹೇಳಿ, ಆಮೇಲೆ ದನಿ ತಗ್ಗಿಸಿದರು.

"ನೋಡು ಬೇಟಿ, ಅದೊಂದೇ ಇರೋದು. ಒಣಗಿದ್ದನ್ನ ಕೆರೀಬೇಡ, ಗೀರು ಬಿದ್ರೆ ಹೋಯ್ತು. ಸೋಪಿನ ನೀರಲ್ಲಿ ನೆನೆಸು, ಮೆತ್ತಗಿರೋ ಬಟ್ಟೇಲಿ ತೂತಿಂದ ಅಂಚಿಗೆ ನೆಟ್ಟಗೆ ಒರೆಸು. ದುಂಡಗೆ ಮಾತ್ರ ಉಜ್ಜಬೇಡ. ಊಪರ್‌ವಾಲಾ ಇದಾನೆ."

ಯಮುನಾ ಬಚ್ಚಲಿಗೆ ಹೋದಳು. ಹಿಂದೆಯೇ ದೊಡ್ಡಮುನಿಯಮ್ಮ ಬಂದು ಬಾಗಿಲಲ್ಲಿ ನಿಂತರು. ಒರೆಸಲೇ ಅತ್ತೆ ಎಂದು ಯಮುನಾ ಕೇಳಿದಳು. ಆಕೆ ಬಹಳ ಹೊತ್ತು ಕುಂಕುಮವನ್ನು ನೋಡಿದರು. ಆಮೇಲೆ ತಲೆಯಾಡಿಸಿ, ತಮ್ಮ ಹಳೆಯ ನೂಲಿನ ಸೀರೆಯ ತುಂಡೊಂದನ್ನು ತಂದುಕೊಟ್ಟರು. ಎಷ್ಟೋ ಸಲ ಒಗೆದು ಬೆಣ್ಣೆಯ ಹಾಗಾಗಿದ್ದ ಬಟ್ಟೆ ಅದು.

ಅರಿಶಿನ ಬೇಗ ಬಿಟ್ಟುಕೊಟ್ಟಿತು. ಮೇಣದ ಮೇಲೆ ಕೂತ ಕುಂಕುಮ ಅಷ್ಟು ಸುಲಭಕ್ಕೆ ಜಗ್ಗಲಿಲ್ಲ. ಯಮುನಾ ಲ್ಯಾಬಿನ ಗಾಜುಗಳನ್ನು ಒರೆಸುವ ಹಾಗೆ ಉಸಿರು ಬಿಗಿಹಿಡಿದು, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಒರೆಸುತ್ತ ಹೋದಳು. ಕೆಂಪು ನೀರು ಬಚ್ಚಲಿನ ಮೂಲೆಗೆ ಹರಿಯಿತು. ಅತ್ತೆ ಬಗ್ಗಿ, ಆ ನೀರು ತುಳಿಯುವ ಕಡೆ ಹೋಗದಂತೆ ಕೈಯಿಂದ ತಡೆದು, ಚೆಂಬಿಗೆ ತುಂಬಿಕೊಂಡು ತುಳಸಿಯ ಕುಂಡಕ್ಕೆ ಹಾಕಿದರು. ಡಿಸ್ಕನ್ನು ಬೆಳಕಿಗೆ ಎತ್ತಿದಾಗ ಅದರ ಮೇಲೆ ಬಣ್ಣಗಳು ಬೀಸಣಿಗೆಯಂತೆ ಬಿಚ್ಚಿಕೊಂಡವು. ಇಷ್ಟು ಹಗುರಾದ, ಒಂದು ಅಂಗೈಯಗಲದ ಬಿಲ್ಲೆಯೊಳಗೆ ಒಂದು ಇಡೀ ದಿನ, ಅಷ್ಟೊಂದು ಜನ, ಅವರ ನಗು, ಈಗಿಲ್ಲದ ಒಬ್ಬ ಮನುಷ್ಯನ ಕೆಮ್ಮು ಕೂತಿದೆ ಎಂಬುದು ಯಮುನಾಳಿಗೆ ಹೊಸದಾಗಿ ತಿಳಿದಂತಾಯಿತು. ಅಂಚಿನಲ್ಲಿ ಮಾತ್ರ ತೆಳ್ಳಗೆ ಒಂದು ಕೆಂಪು ಛಾಯೆ ಉಳಿದೇ ಹೋಯಿತು. ಇನ್ನೂ ಉಜ್ಜಲು ಅವಳಿಗೆ ಧೈರ್ಯ ಸಾಲಲಿಲ್ಲ.

ಪೂರ್ತಿ ಆರಿದ ಮೇಲೆ ಹಾಕಿದರು. ಪ್ಲೇಯರು ಗರಗರ ಎಂದಿತು, ತಡೆಯಿತು, ಮತ್ತೆ ಗರಗರ ಎಂದಿತು. ಪರದೆಯ ಮೇಲೆ ಗುಲಾಬಿ ಹೂವುಗಳ ನಡುವೆ ಮುತ್ತುರಾಜ್ ಮತ್ತು ಯಮುನಾ ಹೆಸರು ಮೂಡಿತು. ಮುತ್ತುರಾಜ್ ನೆಲದ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡ.

ಧಾರೆ ಸಾಗಿತು, ಊಟದ ಸಾಲು ಸಾಗಿತು. ಡಿಸ್ಕು ಒಳಗಿನಿಂದ ಹೊರಕ್ಕೆ ಓಡುತ್ತದೆ, ಮನೆ ತುಂಬಿಸಿಕೊಂಡದ್ದು ಎಲ್ಲಕ್ಕಿಂತ ಕೊನೆಗೆ, ಅಂದರೆ ಆ ಕೆಂಪು ಉಳಿದ ಅಂಚಿನಲ್ಲೇ ಬರುತ್ತದೆ ಎಂದು ಯಮುನಾಳಿಗೆ ಆಗಲೇ ಭಯ ಹತ್ತಿತ್ತು. ಹೊಸಿಲು ಬಂತು. ಪೇಟ ಬಂತು. ಜಟ್ಟೆಮ್ಮ ತುದಿ ಹಿಡಿದು ಜಗ್ಗಿದಳು. ಮುನಿರಾಜಪ್ಪ ಕೆಮ್ಮಿದರು, ಆಕಾಶ ನೋಡಿದರು, ಬಾಯಿ ತೆರೆದರು. ಚಿತ್ರ ಅಲ್ಲಿಗೇ ನಿಂತುಬಿಟ್ಟಿತು.

ಪ್ಲೇಯರಿನೊಳಗೆ ಏನೋ ಮೆಲ್ಲಗೆ ತಿರುಗುವ ಸದ್ದು ಮಾತ್ರ ಬರುತ್ತಿತ್ತು. ಬಾಯಿ ತೆರೆದ ಮುನಿರಾಜಪ್ಪ ಪರದೆಯ ತುಂಬ ನಿಂತು, ತನ್ನ ಮುಂದೆ ಕೂತ ಹೆಂಡತಿಯನ್ನು ನೋಡುತ್ತಿದ್ದರು. ರಿಮೋಟಿನತ್ತ ಕೈಚಾಚಿದ ಮಗನನ್ನು ದೊಡ್ಡಮುನಿಯಮ್ಮ ಬೆರಳೆತ್ತಿ ತಡೆದರು. ಸೌಟನ್ನು ಕೆಳಗಿಟ್ಟು, ಮೊಣಕಾಲ ಮೇಲೆ ಕೈಯೂರಿ ಎದ್ದು, ಟೀವಿಯ ಹತ್ತಿರಕ್ಕೆ ಹೋದರು. ತಲೆಯ ಮೇಲೆ ಸೆರಗು ಎಳೆದುಕೊಂಡರು.

"ಮುನಿರಾಜಪ್ಪ," ಎಂದರು. ಆ ಹೆಸರು ಅವರ ಬಾಯಿಗೆ ಹೊಸದಾಗಿತ್ತು, ಬಿಡಿಸಿ ಬಿಡಿಸಿ ಹೇಳಿದರು. "ಮುನಿರಾಜಪ್ಪನೋರೆ, ಊಟಕ್ಕೆ ಬನ್ನಿ."

ಕಲೆಯಿದ್ದ ಜಾಗವನ್ನು ಪ್ಲೇಯರು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಒಂದಲ್ಲ ಒಂದು ಸಲ ಓದಿದರೂ ಓದೀತು. ಯಮುನಾಳಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವಳ ತೋಳಿನ ರೋಮವೆಲ್ಲ ಎದ್ದು ನಿಂತಿತು, ಗೊತ್ತಿದ್ದೂ ಅವಳು ಕೈಮುಗಿದಳು. ಯಾಕೆಂದರೆ ಪರದೆ ಒಮ್ಮೆ ನಡುಗಿತು, ನಿಂತಿದ್ದ ತುಟಿ ಅಲುಗಿತು.

"ದೊಡ್ಡಮುನಿಯಮ್ಮ," ಎಂದರು ಮುನಿರಾಜಪ್ಪ.

ಟೀವಿಯೊಳಗೆ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಸನಾವುಲ್ಲಾ ಸಾಬರ ಕ್ಯಾಮೆರಾ ಅಲ್ಲಾಡಿತು. ಕಪ್ಪು ಕೂದಲಿನ, ಹಣೆಯ ತುಂಬ ಕುಂಕುಮವಿದ್ದ ದೊಡ್ಡಮುನಿಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿದರು. ಜಟ್ಟೆಮ್ಮ ಅವರ ಹಿಂದೆ ಕೂಗಿದಳು, ಅಣ್ಣ ಹೇಳಿದ್ದಾಯಿತು, ಈಗ ನೀನು ಹೇಳು ಅತ್ತಿಗೆ, ನೀನೂ ಹೇಳು.

"ಹೇಳ್ದೆ ಕಣೇ," ಎಂದರು ದೊಡ್ಡಮುನಿಯಮ್ಮ. ಸೌಟು ಎತ್ತಿಕೊಂಡು, ಎಲೆಯ ಮುಂದೆ ಕೂತು, ಸಾರು ಬಡಿಸತೊಡಗಿದರು.